ಕೆರೆದರೆ ಸಾಕು

ಕಸ್ತೂರಿ ಬಡಿಗೇರಳ ದವಡೆ ಮುರಿದದ್ದು ಒಂದು ಮಂಗಳವಾರ ಮಧ್ಯಾಹ್ನ, ಗದಗಿನ ಬಸ್ ಡಿಪೋದ ಊಟದ ಕೋಣೆಯಲ್ಲಿ, ಜೋಳದ ರೊಟ್ಟಿಯ ಎರಡನೆಯ ತುತ್ತಿಗೆ. ಯಾರೂ ಹೊಡೆದಿರಲಿಲ್ಲ, ಅವಳು ಎಲ್ಲಿಯೂ ಬಿದ್ದಿರಲಿಲ್ಲ. ಒಣ ಕಟ್ಟಿಗೆ ಮುರಿದಂತೆ ಸದ್ದಾಯಿತು ಎಂದು ಪಕ್ಕದಲ್ಲಿ ಕುಳಿತಿದ್ದ ಡ್ರೈವರ್ ಆಮೇಲೆ ಹೇಳಿದ. ಕಂಡಕ್ಟರ್ ಕೆಲಸಕ್ಕೆ ಸೇರಿ ಏಳು ವರ್ಷವಾಗಿದ್ದ, ಮೂವತ್ತೊಂದು ವಯಸ್ಸಿನ ಆ ಗಟ್ಟಿಗಿತ್ತಿ ಒಂದು ಕೈಯಲ್ಲಿ ಗಲ್ಲ ಹಿಡಿದುಕೊಂಡು, ಇನ್ನೊಂದು ಕೈಯಿಂದ ಟಿಕೆಟ್ ಯಂತ್ರವನ್ನು ಡ್ರೈವರನಿಗೆ ಒಪ್ಪಿಸಿ, ತಾನೇ ನಡೆದು ಹೋಗಿ ಆಟೋ ಹತ್ತಿದಳು.

ಹುಬ್ಬಳ್ಳಿಯಲ್ಲಿ ಅವಳ ಅಕ್ಕ ಡಾಕ್ಟರ್ ಮಹಾದೇವಿಗೆ ಫೋನ್ ಬಂದಾಗ ಅವಳು ಪ್ರಯೋಗಾಲಯದಲ್ಲಿದ್ದಳು. ಬಾಯಿ ಮತ್ತು ದವಡೆಯ ರೋಗಗಳಲ್ಲಿ ತೆಗೆದ ಚೂರುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಇದು ಏನು ಎಂದು ಬರೆದುಕೊಡುವುದು ಅವಳ ಕೆಲಸ. ಸುದ್ದಿ ಕೇಳಿದ ಕ್ಷಣವೇ ಅವಳಿಗೆ ಎಲ್ಲ ಅರ್ಥವಾಯಿತು. ಸುಮ್ಮಸುಮ್ಮನೆ ಯಾರ ದವಡೆಯೂ ಮುರಿಯುವುದಿಲ್ಲ. ಒಳಗಿನಿಂದ ಏನೋ ತಿಂದುಹಾಕಿರಬೇಕು. ತಿಂದದ್ದು ಏನು ಎಂಬುದನ್ನು ಒಂದೂವರೆ ವರ್ಷದ ಹಿಂದೆಯೇ ಒಬ್ಬರು ನೋಡಿದ್ದರು. ನೋಡಿ, ಏನೂ ಅಲ್ಲ ಎಂದಿದ್ದರು.

ಆ ಕಾಲಕ್ಕೆ ‘ದಂತಾಂಕುರ’ ಮನೆಮಾತಾಗಿತ್ತು. ಹಲ್ಲು ಬಿದ್ದ ಜಾಗದಲ್ಲಿ ಸೂಜಿಯಿಂದ ಒಂದು ಹನಿ ಲೋಳೆಯನ್ನು ಒಸಡಿನೊಳಗೆ ಬಿಟ್ಟರೆ ಎಂಟು ತಿಂಗಳಲ್ಲಿ ಹೊಸ ಹಲ್ಲು ಹುಟ್ಟುತ್ತಿತ್ತು. ಕಟ್ಟಿಸಿದ ಹಲ್ಲಲ್ಲ, ಬೇರುಸಹಿತ ಸ್ವಂತದ ಹಲ್ಲು. ಅದರ ಹಿಂದಿನ ಗುಟ್ಟು ಸರಳವಾಗಿತ್ತು. ಹುಟ್ಟುವ ಮುಂಚೆ ನಮ್ಮ ಹಲ್ಲುಗಳನ್ನು ಕಟ್ಟುವ ಕೋಶಗಳು ಕೆಲಸ ಮುಗಿದ ಮೇಲೆ ಪೂರ್ತಿ ಅಳಿದುಹೋಗುವುದಿಲ್ಲ. ಅಲ್ಲೊಂದು ಇಲ್ಲೊಂದು ಗುಂಪಾಗಿ ದವಡೆಯ ಮೂಳೆಯೊಳಗೆ ಜೀವಮಾನವಿಡೀ ಮಲಗಿರುತ್ತವೆ. ದಂತಾಂಕುರ ಅವನ್ನು ಎಬ್ಬಿಸುತ್ತಿತ್ತು, ಮತ್ತೊಮ್ಮೆ ಹಲ್ಲು ಕಟ್ಟಿರಿ ಎನ್ನುತ್ತಿತ್ತು.

ಎದ್ದವೆಲ್ಲ ಹೇಳಿದ ಮಾತು ಕೇಳುತ್ತವೆಯೇ ಎಂಬ ಪ್ರಶ್ನೆ ಮಾತ್ರ ಉಳಿದಿತ್ತು.

ಬಸ್ಸು ಬ್ರೇಕ್ ಹಾಕಿದಾಗ ಕಂಬಿಗೆ ಬಾಯಿ ಬಡಿದು ಕಸ್ತೂರಿಯ ಎರಡು ಹಲ್ಲು ಹೋಗಿದ್ದವು. ಸಾರಿಗೆ ನೌಕರರಿಗಾಗಿ ಕಂಪನಿ ನಡೆಸಿದ ಉಚಿತ ಶಿಬಿರದಲ್ಲಿ ಅವಳೂ ಸೂಜಿ ಚುಚ್ಚಿಸಿಕೊಂಡಳು. ಹೊಸ ಹಲ್ಲು ಬಂದ ದಿನ ಅಕ್ಕನ ಮುಂದೆ ಕಬ್ಬು ಸಿಗಿದು ತೋರಿಸಿದಳು. ಎರಡು ವರ್ಷದ ಮೇಲೆ ಕೆಳದವಡೆಯ ಎಡಮೂಲೆಯಲ್ಲಿ ನೋವಿಲ್ಲದ ಬಾವು ಕಾಣಿಸಿತು. ಎಕ್ಸ್‌ರೇಯಲ್ಲಿ ಮೂಳೆಯೊಳಗೆ ಕಪ್ಪು ಕಲೆ, ಅದರೊಳಗೆ ಜೇನುಗೂಡಿನಂಥ ಕೋಣೆಗಳು. ಮಹಾದೇವಿಗೆ ಅನುಮಾನ ಬಂತು. ಆದರೆ ದಂತಾಂಕುರ ಪಡೆದವರ ಚೂರುಗಳೆಲ್ಲ ಮೂರು ವರ್ಷದವರೆಗೆ ಕಂಪನಿಯ ಪ್ರಯೋಗಾಲಯಕ್ಕೇ ಹೋಗಬೇಕೆಂಬ ಕರಾರಿತ್ತು. ಅಲ್ಲಿನ ಮುಖ್ಯಸ್ಥರು ಡಾಕ್ಟರ್ ಅಶ್ವತ್ಥ ಇನಾಮತಿ. ಮಹಾದೇವಿಗೆ ಸ್ಲೈಡ್ ಓದಲು ಕಲಿಸಿದ ಗುರುಗಳೇ ಅವರು. ಅವಳು ಅವರಿಗೆ ಫೋನ್ ಮಾಡಿದಳು.

“ಎಕ್ಸ್‌ರೇ ನೋಡಿ ಹೆದರಬ್ಯಾಡ ಮಹಾದೇವಿ. ಸ್ಲೈಡ್ ನಾನೇ ನೋಡೇನಿ. ಸಾದಾ ಚೀಲ. ಕೆರೆದ್ರ ಸಾಕು,” ಅಂದಿದ್ದರು ಇನಾಮತಿ.

ಅವಳು ಅದೇ ಮಾತನ್ನು ತಂಗಿಗೆ ಹೇಳಿದಳು.

ದವಡೆಯಲ್ಲಿ ಆಗುವ ಚೀಲವೆಂದರೆ ನೀರು ತುಂಬಿದ ಬುಗ್ಗೆಯಂತೆ. ಒಡೆದು, ನೀರು ತೆಗೆದು, ಒಳಗಿನ ಪೊರೆಯನ್ನು ನೀಟಾಗಿ ಕೆರೆದರೆ ಬಹುಪಾಲು ಮುಗಿಯಿತು, ಮೂಳೆ ತಾನಾಗಿಯೇ ತುಂಬಿಕೊಳ್ಳುತ್ತದೆ. ಗಡ್ಡೆಯ ರೀತಿ ಬೇರೆ. ಅದರಲ್ಲೂ ಹಲ್ಲು ಕಟ್ಟುವ ಕೋಶಗಳಿಂದ ಹುಟ್ಟುವ ಅಮೆಲೋಬ್ಲಾಸ್ಟೋಮಾ ಮೂಳೆಯ ಸಂದುಗಳಲ್ಲಿ ಬೆರಳು ಚಾಚಿಕೊಂಡು ಬೆಳೆಯುತ್ತದೆ. ಕೆರೆದರೆ ಮೈ ಹೋಗುತ್ತದೆ, ಬೆರಳು ಉಳಿಯುತ್ತವೆ. ಸುತ್ತಲಿನ ಒಂದೆರಡು ಸೆಂಟಿಮೀಟರ್ ಒಳ್ಳೆಯ ಮೂಳೆಯನ್ನೂ ಸೇರಿಸಿ ಕತ್ತರಿಸಿದರೆ ಮಾತ್ರ ಬಿಡುಗಡೆ. ಬೇಗ ಗೊತ್ತಾದರೆ ಸ್ವಲ್ಪದರಲ್ಲಿ ಮುಗಿಯುತ್ತದೆ.

ಕಸ್ತೂರಿಯದು ಬೇಗ ಗೊತ್ತಾಗಿತ್ತು. ಗೊತ್ತಾದವರು ಹೇಳಲಿಲ್ಲ, ಅಷ್ಟೆ. ಕೆರೆದರು. ಉಳಿದ ಬೆರಳುಗಳು ಒಂದೂವರೆ ವರ್ಷ ಮೂಳೆ ತಿಂದವು. ಮುರಿದ ದವಡೆಯ ಚೂರನ್ನು ಈ ಸಲ ಮಹಾದೇವಿಯೇ ಓದಿದಳು. ಅಂಚಿನಲ್ಲಿ ಉದ್ದನೆಯ ಕೋಶಗಳು ಸಾಲಾಗಿ ನಿಂತಿದ್ದವು, ಒಂದೊಂದರ ಕೇಂದ್ರವೂ ಅಂಚಿನಿಂದ ಮುಖ ತಿರುಗಿಸಿಕೊಂಡಿತ್ತು. ಮೊದಲ ವರ್ಷದ ವಿದ್ಯಾರ್ಥಿಯೂ ಗುರುತಿಸುವಂಥ ಅಮೆಲೋಬ್ಲಾಸ್ಟೋಮಾ. ಹಾಗೆ ಗುರುತಿಸಲು ಕಲಿಸಿದವರೇ ಇನಾಮತಿ.

ಶಸ್ತ್ರವೈದ್ಯೆ ಡಾಕ್ಟರ್ ನಜೀರಾ ಸವಣೂರ ಕಸ್ತೂರಿಯ ಎಡದವಡೆಯನ್ನು ಕಿವಿಯ ಕೆಳಗಿನಿಂದ ಗದ್ದದ ಹತ್ತಿರದವರೆಗೆ ತೆಗೆದರು. ಕಾಲಿನ ಸಣ್ಣ ಎಲುಬನ್ನು ಬಿಡಿಸಿ, ದವಡೆಯ ಆಕಾರಕ್ಕೆ ಕತ್ತರಿಸಿ ಅಲ್ಲಿ ಕೂರಿಸಿದರು. ಜೀವ ಉಳಿಯಿತು. ಕೆಳತುಟಿಯ ನರ ಹೋಯಿತು. ಪ, ಬ, ಮ ಎನ್ನುವಾಗ ಅವಳ ತುಟಿಗಳು ಕೂಡುತ್ತಿರಲಿಲ್ಲ. ಕಂಡಕ್ಟರ್ ಕೆಲಸ ಬಿಡಿಸಿ ಅವಳನ್ನು ಹುಬ್ಬಳ್ಳಿ ಡಿಪೋದ ಸ್ಟೋರಿಗೆ ಹಾಕಿದರು, ಅವಳು ಅಕ್ಕನ ಮನೆಯಲ್ಲೇ ಉಳಿದಳು.

ಮಹಾದೇವಿ ಕಂಪನಿಗೆ ಬರೆದು ಮೊದಲ ಸ್ಲೈಡ್ ಕೇಳಿದಳು. ‘ಕಳೆದಿದೆ’ ಎಂದು ಉತ್ತರ ಬಂತು. ಅಂದಿನಿಂದ ಅವಳು ಬೇರೆಯೇ ವ್ಯಕ್ತಿಯಾದಳು. ಬೀದರಿನಿಂದ ಕಾರವಾರದವರೆಗೆ ದಂತವೈದ್ಯರಿಗೆ ಪತ್ರ ಬರೆದಳು. ನಾಲ್ಕು ವರ್ಷದಲ್ಲಿ ಇಪ್ಪತ್ತೇಳು ಮಂದಿ ಸಿಕ್ಕರು. ಎಲ್ಲರೂ ದಂತಾಂಕುರದವರು, ಎಲ್ಲರ ಮೊದಲ ವರದಿಯಲ್ಲೂ ‘ಸಾದಾ ಚೀಲ’, ಎಲ್ಲರ ಮೊದಲ ಸ್ಲೈಡೂ ‘ಕಳೆದಿದೆ’. ಹುಟ್ಟಿನಿಂದಲೇ ಕೆಲವರಿಗೆ ಬರುವ ಕಾಯಿಲೆ ಇದು, ನಮ್ಮ ಔಷಧಿಗೂ ಇದಕ್ಕೂ ಸಂಬಂಧವಿಲ್ಲ ಎಂದಿತು ಕಂಪನಿ. ಮೊದಲ ಸ್ಲೈಡುಗಳಿಲ್ಲದೆ ಯಾವ ಸಮಿತಿಯೂ ಅವಳ ಮಾತು ಕೇಳಲಿಲ್ಲ. ಬೆಳಿಗ್ಗೆ ತಂಗಿ ಒಂದು ಬದಿಯಿಂದ ಚಹಾ ಕುಡಿದು, ಇನ್ನೊಂದು ಬದಿಯಿಂದ ಸೋರಿದ್ದನ್ನು ಸೆರಗಿನಿಂದ ಒರೆಸಿಕೊಳ್ಳುವುದನ್ನು ನೋಡುತ್ತ ಮಹಾದೇವಿ ಇನಾಮತಿಯವರಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದಳು. ಸಾವಿನ ಶಾಪವಲ್ಲ. ಸಾವು ಸಾಲದು ಎನಿಸುತ್ತಿತ್ತು.

ಒಂದು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಇನಾಮತಿ ಅವಳ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದರು. ತಲೆ ಪೂರ್ತಿ ನರೆತಿತ್ತು. ಬಲಗಲ್ಲ ಅಡಿಕೆ ಒತ್ತಿಟ್ಟುಕೊಂಡಂತೆ ಉಬ್ಬಿತ್ತು. ಒಂಬತ್ತು ವರ್ಷದ ಹಿಂದೆ, ಔಷಧಿ ಬಿಡುಗಡೆಯ ಸಮಾರಂಭದಲ್ಲಿ, ಸಾವಿರಾರು ಜನರೆದುರು ವೇದಿಕೆಯ ಮೇಲೆ ಸೂಜಿ ಚುಚ್ಚಿಸಿಕೊಂಡಿದ್ದು ಅದೇ ಬದಿಗೆ.

“ನಮ್ಮ ಲ್ಯಾಬಿನ್ಯಾಗ ತೋರಿಸಿದ್ರ ಸುದ್ದಿ ಹೊರಗ ಬೀಳ್ತದ,” ಎಂದು ಒಂದು ಚಿಕ್ಕ ಡಬ್ಬಿ ಮೇಜಿನ ಮೇಲಿಟ್ಟರು. ಅದರಲ್ಲಿ ಸ್ಲೈಡ್ ಇತ್ತು. “ನಿನ್ನ ಕಣ್ಣಿನಷ್ಟು ಖರೇ ಕಣ್ಣು ನನಗ ಬ್ಯಾರೆ ಸಿಗೂದಿಲ್ಲ.”

“ನೀವೇ ನೋಡಬಹುದಿತ್ತಲ್ಲ ಸರ್?”

“ನೋಡ್ಲಿಕ್ಕೆ ಕೂತೆ. ಧೈರ್ಯ ಸಾಲಲಿಲ್ಲ.”

ಅವಳು ಸ್ಲೈಡ್ ಹಚ್ಚಿ ನೋಡಿದಳು. ಮೊದಲ ನೋಟಕ್ಕೇ ಕಂಡಿತು. ಅದೇ ಸಾಲು, ಮುಖ ತಿರುಗಿಸಿಕೊಂಡ ಅವೇ ಕೇಂದ್ರಗಳು. ಎದೆ ಎಷ್ಟು ಜೋರಾಗಿ ಬಡಿದುಕೊಂಡಿತೆಂದರೆ, ಹಿಂದೆ ನಿಂತವರಿಗೆ ಕೇಳಿಸೀತೆಂದು ಅವಳು ಕುರ್ಚಿಯನ್ನು ಸದ್ದು ಮಾಡಿ ಸರಿಸಿದಳು. ಆಮೇಲೆ ತಿರುಗಿದಳು.

“ಸಾದಾ ಚೀಲ ಸರ್. ಕೆರೆದ್ರ ಸಾಕು.”

ಇನಾಮತಿ ಒಂದು ಗಳಿಗೆ ಅವಳ ಮುಖ ನೋಡಿ ಕಣ್ಣು ಕೆಳಗೆ ಮಾಡಿದರು. “ಹೌದಾ,” ಅಂದರು. “ಸೋಮವಾರ ಕೆರೆಸ್ತೇನಿ ಹಂಗಾದ್ರ. ವರದಿ ಆಮ್ಯಾಲೆ ಕಳಿಸು.”

ಅವರು ಹೋದ ಮೇಲೆ ಮಹಾದೇವಿಗೆ ನಗು ಬಂತು. ಬಾಗಿಲು ಹಾಕಿಕೊಂಡು ನಕ್ಕಳು. ಇನ್ನು ಒಂದೂವರೆ ವರ್ಷ, ಹೆಚ್ಚೆಂದರೆ ಎರಡು. ಯಾವ ಊಟಕ್ಕೆ, ಯಾವ ತುತ್ತಿಗೆ ಎಂದು ಊಹಿಸುತ್ತ ಆ ದಿನ ಮನೆಗೆ ನಡೆದೇ ಹೋದಳು. ದಾರಿಯಲ್ಲಿ ತಂಗಿಗೆಂದು ಮಲ್ಲಿಗೆ ತಗೊಂಡಳು. ಶುಕ್ರವಾರ ಅವಳಿಗೆ ಹಸಿವು ಚೆನ್ನಾಗಿತ್ತು. ಎಷ್ಟೋ ವರ್ಷಗಳ ಮೇಲೆ ಗಾಢ ನಿದ್ದೆ ಬಂದಿತ್ತು.

ಶನಿವಾರ ಬೆಳಿಗ್ಗೆ ತಂಗಿಗೆ ಮಿಕ್ಸಿಯಲ್ಲಿ ಅನ್ನ-ಸಾರು ನುಣ್ಣಗೆ ಮಾಡಿಕೊಡುತ್ತ ಎಲ್ಲ ಹೇಳಿಬಿಟ್ಟಳು. ಕಸ್ತೂರಿ ಖುಷಿಪಡುತ್ತಾಳೆ ಎಂದುಕೊಂಡಿದ್ದಳು.

ಕಸ್ತೂರಿ ಬಟ್ಟಲು ಸರಿಸಿದಳು. “ಸಾದಾ ಚೀಲ, ಕೆರೆದ್ರ ಸಾಕು. ಈ ಮಾತು ನನಗ ಹೇಳಿದವ್ರು ಯಾರು ಗೊತ್ತೇನ ಅಕ್ಕಾ?”

“ಅವನೇ.”

“ಅವನ ಮಾರಿ ನಾ ನೋಡಿಲ್ಲ. ನನಗ ಹೇಳಿದಾಕಿ ನೀನು. ಇದ ಅಡಿಗಿಮನ್ಯಾಗ, ಇಲ್ಲೇ ಕುಂತು.”

ಮಹಾದೇವಿ ಚಮಚೆ ಕೆಳಗಿಟ್ಟಳು.

“ನಾ ಸುಳ್ಳು ಹೇಳಿದ್ನೇನ? ನನಗ ಗೊತ್ತಿರಲಿಲ್ಲ.”

“ಅವತ್ತ ಗೊತ್ತಿರಲಿಲ್ಲ. ಇವತ್ತ ಗೊತ್ತೈತಿ. ಅಷ್ಟ ಫರಕು.” ಕಸ್ತೂರಿ ತುಟಿ ಒರೆಸಿಕೊಂಡಳು. “ಅವನ ಮ್ಯಾಲೆ ಕನಿಕರ ಬಂದು ಹೇಳಾಕತ್ತಿಲ್ಲ ನಾನು. ಅವನ ದವಡಿ ಮುರಿದ್ರ ನನಗೇನು ಬರತೈತಿ? ಒಳಗೊಳಗ ಕೊಳೀತಾನ, ಗಪ್‌ಚುಪ್ ಎಲ್ಲೋ ಹೋಗಿ ಕತ್ತರಿಸಿಕೊಂಡ ಬರ್ತಾನ, ಜಗತ್ತಿಗೆ ಗೊತ್ತ ಆಗೂದಿಲ್ಲ. ನನಗ ಅವನ ದವಡಿ ಬ್ಯಾಡ ಅಕ್ಕ. ಅವನ ಬಾಯಿ ಬೇಕು. ಅದು ಇನ್ನಾ ಮಾತಾಡಾಕ ಬರೂದರಾಗ ಬೇಕು.”

ಅಂದೇ ಸಂಜೆ ನಾಲ್ಕಕ್ಕೆ ಇಬ್ಬರೂ ಇನಾಮತಿಯವರ ಮನೆಗೆ ಹೋದರು. ಅವರು ವರಾಂಡದಲ್ಲಿ ಕುಳಿತಿದ್ದರು. ಮಹಾದೇವಿ ನಿಂತುಕೊಂಡೇ ಹೇಳಿದಳು: “ಸರ್, ಗುರುವಾರ ನಾ ಹೇಳಿದ್ದು ಸುಳ್ಳು. ಅಮೆಲೋಬ್ಲಾಸ್ಟೋಮಾ ಐತಿ. ವರದಿ ಇಲ್ಲೈತಿ, ಸಹಿ ಮಾಡೀನಿ. ಸೋಮವಾರ ಕೆರೆಸಬ್ಯಾಡ್ರಿ.”

ಇನಾಮತಿ ಬೆಚ್ಚಲಿಲ್ಲ. “ನನಗ ಅವತ್ತೇ ಗೊತ್ತಾತು,” ಅಂದರು. “ಅದು ನಂದೇ ಮಾತು.”

“ಗೊತ್ತಿದ್ದೂ ಯಾಕ ಸುಮ್ಮನಿದ್ರಿ?”

“ನಂಬಬೇಕು ಅನಸ್ತು.” ಅವರು ವರದಿಯನ್ನು ಮಡಿಚಿದರು, ಬಿಡಿಸಿದರು, ಮತ್ತೆ ಮಡಿಚಿದರು. “ಮಹಾದೇವಿ, ಇದರಾಗ ದಂತಾಂಕುರದ ಮಾತು ಬರಿಯಬ್ಯಾಡ. ಇಷ್ಟೇ ಕೇಳ್ತೇನಿ. ಗಡ್ಡೆ ಅಂತ ಬರಿ, ಸಾಕು. ಅದರ ಕಾರಣ ನಿನಗ್ಯಾಕ?”

ಆಗ ಕಸ್ತೂರಿ ಮುಖಕ್ಕೆ ಸುತ್ತಿಕೊಂಡಿದ್ದ ಓಢಣಿ ಬಿಚ್ಚಿದಳು. ಅವರ ಎದುರಿನ ಕುರ್ಚಿಯನ್ನು ಹತ್ತಿರಕ್ಕೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರಕ್ಕೆ ಎಳೆದುಕೊಂಡು ಕುಳಿತಳು.

“ನನ್ನ ಹೆಸರು ಕಸ್ತೂರಿ ಬಡಿಗೇರ. ನನ್ನ ಸ್ಲೈಡ್ ನೀವು ನೋಡೀರಿ, ನನ್ನ ನೋಡಿಲ್ಲ. ನೋಡ್ರಿ.”

ಇನಾಮತಿ ತಲೆ ತಗ್ಗಿಸಿದರು.

“ತಲಿ ಎತ್ರಿ. ಇನ್ನ ಹತ್ತು ದಿನದಾಗ ನಿಮಗ ಏನಾಗತೈತಿ ಅಂತ ಹೇಳ್ತೀನಿ. ಡಾಕ್ಟ್ರು ಹೇಳೂದಿಲ್ಲ ಅದನ್ನ, ಅವರಿಗೆ ಗೊತ್ತಿರೂದಿಲ್ಲ. ಎಚ್ಚರ ಆದ ಕೂಡ್ಲೆ ಗಂಟಲದಾಗ ನಳಿಗಿ ಇರತೈತಿ. ಕೂಗಾಕ ಹೋಗ್ತೀರಿ, ದನಿ ಬರೂದಿಲ್ಲ. ಮೂಗಿನ್ಯಾಗಿಂದ ಗಂಜಿ ಬಿಡ್ತಾರ, ಹೊಟ್ಟಿ ತುಂಬತೈತಿ, ನಾಲಿಗಿಗೆ ರುಚಿ ಗೊತ್ತಾಗೂದಿಲ್ಲ. ದವಡಿ ನೋವಿಗಿಂತ ಕಾಲ ನೋವ ಹೆಚ್ಚ. ಕಾಲಿನ ಎಲುಬ ಬಾಯಾಗ ಬಂದು ಕುಂತಿರತೈತಲ್ಲ, ಕಾಲಿಗೆ ಸಿಟ್ಟು.” ಅವಳು ಸ್ವಲ್ಪ ನಕ್ಕಳು. ನಗು ಮುಖದ ಒಂದೇ ಬದಿಗೆ ಬಂತು. “ಇಪ್ಪತ್ತು ದಿನದ ಮ್ಯಾಲೆ ಕನ್ನಡಿ ಕೊಡ್ತಾರ. ನೋಡಿಕೊಂಡು, ಹಿಂದ ಯಾರೋ ನಿಂತಾರ ಅಂತ ತಿರುಗಿ ನೋಡ್ತೀರಿ. ಯಾರೂ ಇರೂದಿಲ್ಲ. ನೀರು ಕುಡದ್ರ ಸೋರತೈತಿ, ನಿಮಗ ಗೊತ್ತಾಗೂದಿಲ್ಲ, ಎದುರಿನವ್ರು ಮಾರಿ ಹೊಳ್ಳಿಸಿದಾಗ ಗೊತ್ತಾಗತೈತಿ. ನಿಮ್ಮ ಮೊಮ್ಮಗಳು ಅದಾಳಂತ. ಮುತ್ತು ಕೊಟ್ರ ಕೊಟ್ಟಿದ್ದು ನಿಮಗ ತಿಳಿಯೂದಿಲ್ಲ.”

“ಸಾಕು ತಾಯಿ.”

“ಸಾಕೇನ್ರಿ? ನನಗ ನಾಲ್ಕು ವರ್ಷ ಆತು, ಇನ್ನಾ ಸಾಕಾಗಿಲ್ಲ. ನೀವು ಅವತ್ತ ಖರೇ ಹೇಳಿದ್ರ ನಂದು ಎರಡ ಬೆರಳಿನಷ್ಟ ಎಲುಬ ಹೋಗ್ತಿತ್ತು. ಯಾಕ ಹೇಳ್ಲಿಲ್ಲ?”

ಇನಾಮತಿ ಕೈಯಲ್ಲಿದ್ದ ವರದಿಯನ್ನು ಮತ್ತೊಮ್ಮೆ ಮಡಿಚಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು. ಅವಳದೇ ಮೊದಲನೆಯ ಸ್ಲೈಡ್. ದೇಶಕ್ಕೆಲ್ಲ ಔಷಧಿ ಮಾರುವ ಅನುಮತಿಯ ಸಭೆಗೆ ಒಂಬತ್ತು ದಿನ ಉಳಿದಿತ್ತು. ಇಪ್ಪತ್ತು ವರ್ಷದ ಕೆಲಸ. ಒಂದೇ ಒಂದು ಅಲ್ಲವೇ ಅನಿಸಿತು. ಎರಡನೆಯದು ಬಂದಾಗ ಮೊದಲನೆಯದನ್ನು ಮುಚ್ಚಿಟ್ಟಾಗಿತ್ತು, ಹಾಗಾಗಿ ಅದನ್ನೂ ಮುಚ್ಚಬೇಕಾಯಿತು. ಮೂರನೆಯದಕ್ಕೆ ಯೋಚನೆಯನ್ನೇ ಮಾಡಲಿಲ್ಲ.

“ಸ್ಲೈಡ್ ಎಲ್ಲಿ ಅದಾವ ಸರ್?” ಎಂದಳು ಮಹಾದೇವಿ.

“ಒಡೀಬೇಕು ಅಂತ ಮನಿಗೆ ತಂದಿದ್ದೆ. ಒಡೀಲಿಕ್ಕೆ ಆಗ್ಲಿಲ್ಲ.”

“ವರದಿ ನಿಮ್ಮ ಕೈಯಾಗೈತಿ. ಸ್ಲೈಡ್ ಕೊಡ್ರಿ, ಬಿಡ್ರಿ, ನಿಮ್ಮ ಆಪರೇಷನ್ ನಿಲ್ಲೂದಿಲ್ಲ. ನಾ ನಿಮ್ಮಂಗ ಅಲ್ಲ.” ಕಡೆಯ ಮಾತನ್ನು ಅವಳು ತಂಗಿಯ ಕಡೆ ನೋಡದೆ ಹೇಳಿದಳು. ಗುರುವಾರದಿಂದ ಶನಿವಾರದವರೆಗೆ ತಾನು ಏನಾಗಿದ್ದೆ ಎಂಬುದು ಅವಳಿಗೆ ಗೊತ್ತಿತ್ತು.

ಇನಾಮತಿ ಎದ್ದು ಒಳಗೆ ಹೋದರು. ಬಂದಾಗ ಕೈಯಲ್ಲಿ ಮರದ ಪೆಟ್ಟಿಗೆಯಿತ್ತು. ಮಹಾದೇವಿ ಮುಚ್ಚಳ ತೆಗೆದು ಎಣಿಸಿದಳು. ತಾನು ಹುಡುಕಿದ್ದು ಇಪ್ಪತ್ತೇಳು. ಅಲ್ಲಿದ್ದವು ನಲವತ್ತಮೂರು.

ಅದಾದ ಒಂಬತ್ತನೆಯ ದಿನ ಆರೋಗ್ಯ ಇಲಾಖೆಯ ವಿಚಾರಣಾ ಸಮಿತಿ ಕುಳಿತಿತು. ಇನಾಮತಿಯವರು ಎರಡು ತಾಸು ಮಾತನಾಡಿದರು. ಉಬ್ಬಿದ ಗಲ್ಲದಿಂದಾಗಿ ನಡುನಡುವೆ ನಿಲ್ಲಿಸಿ ಬಾಯಿ ಒರೆಸಿಕೊಳ್ಳಬೇಕಾಗುತ್ತಿತ್ತು. ಒಂದೊಂದು ಸ್ಲೈಡನ್ನೂ ಪರದೆಯ ಮೇಲೆ ಹಾಕಿಸಿ, ಇದು ಇಂಥವರದು, ಇದನ್ನು ನಾನು ಇಂಥ ದಿನ ನೋಡಿದೆ, ಗಡ್ಡೆ ಎಂದು ಗೊತ್ತಿದ್ದೂ ಚೀಲ ಎಂದು ಬರೆದೆ ಎಂದರು. ನಲವತ್ತಮೂರು ಸಲ ಹಾಗೆ ಹೇಳಿದರು. ಮೊದಲ ಸಾಲಿನಲ್ಲಿ ಕುಳಿತಿದ್ದ ಕಸ್ತೂರಿ ಒಂದು ಸಲವೂ ಕಣ್ಣು ಕದಲಿಸಲಿಲ್ಲ. ಕಾಯಿಲೆಯಿಂದ ತಮ್ಮ ನೆನಪು ಏರುಪೇರಾಗಿರಬಹುದೇ ಎಂದು ಕಂಪನಿಯ ವಕೀಲ ಕೇಳಿದ.

“ಗಡ್ಡೆ ದವಡಿಗೆ ಆಗೇದ, ತಲಿಗಲ್ಲ,” ಅಂದರು ಇನಾಮತಿ.

ಕೊನೆಗೆ ಪರದೆಯ ಮೇಲೆ ತಮ್ಮದೇ ಸ್ಲೈಡ್ ಹಾಕಿಸಿದರು. “ಇದು ನಲವತ್ನಾಲ್ಕನೇದ್ದು. ಇದನ್ನ ಓದಿದಾಕಿ ನನ್ನ ವಿದ್ಯಾರ್ಥಿನಿ. ಆಕಿ ಸರಿಯಾಗಿ ಬರದಾಳ.”

ಆ ವಾರವೇ ದಂತಾಂಕುರ ನಿಂತಿತು. ಸೂಜಿ ಪಡೆದ ಹನ್ನೊಂದು ಸಾವಿರ ಜನರನ್ನು ಕರೆಸಿ ಎಕ್ಸ್‌ರೇ ತೆಗೆಯಲಾಯಿತು. ನೂರಕ್ಕೂ ಹೆಚ್ಚು ಮಂದಿಯ ದವಡೆಯಲ್ಲಿ ಸಣ್ಣಸಣ್ಣ ಕಲೆಗಳು ಸಿಕ್ಕವು. ಬಹಳಷ್ಟು ನಿಜವಾಗಿಯೂ ಸಾದಾ ಚೀಲಗಳಾಗಿದ್ದವು. ಕೆರೆದರು, ವಾಸಿಯಾದವು. ಗಡ್ಡೆಯಾಗಿದ್ದವನ್ನು ಬಟಾಣಿ ಕಾಳಿನಷ್ಟಿರುವಾಗಲೇ ಅಂಚುಸಹಿತ ತೆಗೆದರು. ಕಂಪನಿಯ ಮೇಲೆ ಮೊಕದ್ದಮೆ ಹೂಡಲಾಯಿತು, ಇನಾಮತಿಯವರೇ ಅದರ ಮೊದಲ ಆರೋಪಿ. ಆಪರೇಷನ್ ಮುಗಿಯುವವರೆಗೆ ಮಾತ್ರ ಅವರನ್ನು ಬಂಧಿಸಲಿಲ್ಲ.

ಆ ಆಪರೇಷನ್ ದಿನ ನಜೀರಾ ಸವಣೂರ ಮಹಾದೇವಿಗೆ ಕರೆ ಕಳಿಸಿದರು. ಮೂಳೆಯ ಅಂಚಿನ ಕೋಶಗಳನ್ನು ಅಲ್ಲಿಯೇ ತೋರಿಸುವ ಬೆಳಕಿನ ಕಡ್ಡಿಯೊಂದು ಆಸ್ಪತ್ರೆಗೆ ಹೊಸದಾಗಿ ಬಂದಿತ್ತು. ಶಸ್ತ್ರವೈದ್ಯೆ ಕತ್ತರಿಸಿದ ಜಾಗಕ್ಕೆ ಕಡ್ಡಿ ಮುಟ್ಟಿಸಿದರೆ ಪಕ್ಕದ ಕೋಣೆಯ ಪರದೆಯ ಮೇಲೆ ಚಿತ್ರ ಮೂಡುತ್ತಿತ್ತು. ಅದನ್ನು ಓದಿ ‘ಶುದ್ಧ’ ಅಥವಾ ‘ಉಳಿದಿದೆ’ ಎಂದು ಹೇಳಬೇಕಾದವಳು ಮಹಾದೇವಿ. ಬೇರೆಯವರನ್ನು ಕರೆಯಿರಿ ಎಂದು ಅವಳು ಬೇಡಿಕೊಂಡಿದ್ದಳು. ರೋಗಿ ನಿಮ್ಮನ್ನೇ ಕೇಳಿದ್ದಾರೆ ಎಂದರು ನಜೀರಾ.

ಹಿಂಬದಿಯ ಅಂಚು ಮೊದಲು ಬಂತು. “ಶುದ್ಧ,” ಅಂದಳು ಮಹಾದೇವಿ.

ಗದ್ದದ ಕಡೆಯ ಅಂಚು ಬಂತು. ಅವಳು ನೋಡಿದಳು. ಪರದೆಯ ಬಲತುದಿಯಲ್ಲಿ, ಮೂಳೆಯ ಸಂದಿನಲ್ಲಿ, ಹತ್ತು ಹನ್ನೆರಡು ಕೋಶಗಳ ಒಂದು ದ್ವೀಪ. ಅಥವಾ ಹಾಗೆಂದು ಅವಳ ಕಣ್ಣು ಬಯಸಿತ್ತೋ? ಅಲ್ಲಿಂದ ಮುಂದೆ ಕತ್ತರಿಸಿದರೆ ಗದ್ದದ ಮೂಳೆ ಹೋಗುತ್ತದೆ, ಮುಂಭಾಗದ ಹಲ್ಲೆಲ್ಲ ಹೋಗುತ್ತವೆ. ಅವಳು ಪರದೆಯಿಂದ ಕಣ್ಣು ತೆಗೆದು ಬರಿ ಗೋಡೆಯನ್ನು ನೋಡಿದಳು. ಮತ್ತೆ ನೋಡಿದಳು. ಕಡ್ಡಿಯನ್ನು ಬೇರೆ ಕೋನದಿಂದ ಹಿಡಿಯಲು ಹೇಳಿ ಮೂರನೆಯ ಸಲ ನೋಡಿದಳು. ಕೋಶಗಳು ಅಲ್ಲಿಯೇ ಇದ್ದವು, ಸಾಲಾಗಿ.

“ಉಳಿದೈತಿ. ಗದ್ದದ ಕಡೆ ಇನ್ನೊಂದು ಸೆಂಟಿಮೀಟರ್ ತಗೀರಿ.”

ಮೈಕಿನಲ್ಲಿ ನಜೀರಾರ ದನಿ ಬಂತು: “ಖಾತ್ರಿ ಐತೇನ್ರಿ ಮಹಾದೇವಿ?”

“ಖಾತ್ರಿ ಐತಿ.”

ಗರಗಸದ ಸದ್ದು ಗಾಜಿನಾಚೆಯಿಂದ ಕೇಳಿಸಿತು. ಅವಳ ಒಳಗೆ ಏನೋ ಸಡಿಲಾಯಿತು. ಅದು ಸಂತೋಷವೇ ಆಗಿತ್ತು, ಅವಳಿಗೆ ಸಂಶಯವಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಕಸ್ತೂರಿ ಕಾಯುತ್ತಿದ್ದಳು. ಮಹಾದೇವಿ ಬಂದು ಪಕ್ಕದಲ್ಲಿ ಕುಳಿತಳು.

“ಎಷ್ಟು ತಗದ್ರು?”

“ನಿನಗಿಂತ ಒಂದು ಸೆಂಟಿಮೀಟರ್ ಹೆಚ್ಚು.”

ಕಸ್ತೂರಿ ಅಕ್ಕನ ಕಡೆ ತಿರುಗಿದಳು. “ಬೇಕಾಗಿತ್ತೇನು?”

“ಬೇಕಾಗಿತ್ತು. ಮೂರು ಸಲ ನೋಡೀನಿ.”

“ಮತ್ತ ಯಾಕ ಅಳಾಕತ್ತಿ?”

ಮಹಾದೇವಿ ತನ್ನ ಕೈಗಳನ್ನೇ ನೋಡುತ್ತ ಹೇಳಿದಳು: “ಬೇಕಾಗಿರದಿದ್ರೂ ತಗೀರಿ ಅಂತಿದ್ನೇನೋ, ಕಸ್ತೂರಿ.”

“ಅನ್ನಲಿಲ್ಲಲ್ಲ,” ಎಂದಳು ಕಸ್ತೂರಿ. ಅಕ್ಕನ ಕೈ ಹಿಡಿದುಕೊಂಡಳು. ಹಿಡಿತ ಮೆತ್ತಗಿರಲಿಲ್ಲ.